ಜಗಲಿಯವರೆಗೆ ಒಂದು ಸೈಕಲ್ ಪ್ರವಾಸ

ನೆಂಟರ ಮನೆಗಳ ಜಗಲಿ ಹೇಗಿರುತ್ತದೆ ಎಂದು ದಯವಿಟ್ಟು ನನ್ನನ್ನು ಕೇಳಬೇಡಿ. ನನಗೆ ಗೊತ್ತಿರುವುದೆಲ್ಲ ಅವರ ಅಡುಗೆಮನೆಗಳು. ಕುಣಿಗಲ್ಲಿನ ನಾದಿನಿ ಸಾಸಿವೆ ಡಬ್ಬಿಯನ್ನು ಎಲ್ಲಿಡುತ್ತಾಳೆ, ಗುಬ್ಬಿಯ ದೊಡ್ಡಪ್ಪನ ಮಗನ ಮನೆಯಲ್ಲಿ ಈಳಿಗೆಮಣೆ ಯಾವ ಡ್ರಮ್ಮಿನ ಹಿಂದೆ ಒರಗಿರುತ್ತದೆ, ಅಮೃತೂರಿನಲ್ಲಿ ನಮ್ಮ ಯಜಮಾನರ ಚಿಕ್ಕಪ್ಪನ ಮನೆಯ ಗ್ಯಾಸ್ ಒಲೆಯ ಯಾವ ಬರ್ನರು ಸರಿಯಾಗಿ ಹತ್ತುವುದಿಲ್ಲ, ಎಲ್ಲ ನನಗೆ ಬಾಯಿಪಾಠ. ಕಣ್ಣು ಕಟ್ಟಿ ಬಿಟ್ಟರೂ ಅರಿಶಿನದ ಡಬ್ಬಿ ತೆಗೆದು ಕೊಟ್ಟೇನು. ಆದರೆ ಅದೇ ಮನೆಗಳ ಜಗಲಿಗೆ ಕಲ್ಲು ಹಾಸಿದೆಯೋ ರೆಡ್ ಆಕ್ಸೈಡ್ ಹಾಕಿದೆಯೋ ಎಂದರೆ ತಡವರಿಸುತ್ತೇನೆ.

ತಪ್ಪು ನನ್ನ ಬಲಗೈಯದು. ಯಾರದೇ ಮನೆಯ ಹೊಸಿಲು ಕಂಡ ಕೂಡಲೇ ಅದು ನನ್ನನ್ನು ಕೇಳದೆ ಸೆರಗನ್ನೆಳೆದು ಸೊಂಟಕ್ಕೆ ಸಿಕ್ಕಿಸಿಬಿಡುತ್ತದೆ. ಚೂಡಿದಾರ್ ಹಾಕಿದ್ದರೆ ವೇಲನ್ನು. ಹಾಗೆ ಸಿಕ್ಕಿಸಿಕೊಂಡ ಹೆಂಗಸು ಜಗಲಿಯ ಮೇಲೆ ಕೂತಿದ್ದನ್ನು ನೀವು ಎಲ್ಲಾದರೂ ನೋಡಿದ್ದೀರಾ? ಅವಳು ನೇರವಾಗಿ ಒಳಕ್ಕೇ ಹೋಗುತ್ತಾಳೆ. ಒಳಗಿನವಳು ಒಲೆಯ ಮುಂದಿನಿಂದ ತಿರುಗಿ, "ಅಯ್ಯೋ, ಕೂತ್ಕೊಳ್ಳಿ, ಯಾಕೆ ಎದ್ದು ಬಂದ್ರಿ? ನಾನ್ ಮಾಡ್ತೀನಿ ಬಿಡಿ" ಎನ್ನುತ್ತಾಳೆ. ಅನ್ನುತ್ತಲೇ ಕಾಲಲ್ಲಿ ಈಳಿಗೆಮಣೆಯನ್ನು ನಮ್ಮ ಕಡೆಗೆ ಮೆಲ್ಲನೆ ತಳ್ಳುತ್ತಾಳೆ. ಬಾಯಿ ಬೇಡ ಅನ್ನುವುದೂ ಮರ್ಯಾದೆ, ಕಾಲು ಬೇಕು ಅನ್ನುವುದೂ ಮರ್ಯಾದೆ. ನಮ್ಮ ಮನೆಗೆ ಬಂದವರಿಗೆ ನಾನು ಮಾಡುವುದೂ ಇದನ್ನೇ, ಆದ್ದರಿಂದ ಯಾರನ್ನೂ ದೂರುವಂತಿಲ್ಲ. ಅಷ್ಟು ಹೊತ್ತಿಗೆ ನಮ್ಮ ಯಜಮಾನರು ಜಗಲಿಯ ಮೇಲೆ ಕಾಲು ಚಾಚಿ, ತೆಂಗಿಗೆ ಬಿಳಿನೊಣ ಬಿದ್ದ ಕಥೆ ಕೇಳುತ್ತಾ ಎರಡನೆಯ ಲೋಟ ಮಜ್ಜಿಗೆ ಕುಡಿಯುತ್ತಿರುತ್ತಾರೆ.

ಸೆರಗು ಸಿಕ್ಕಿಸುವ ಈ ಚಾಳಿ ಮೊದಲು ಅಡುಗೆಮನೆಗೆ ಸೇರಿದ್ದೇ ಅಲ್ಲ, ಅದು ಸೈಕಲ್ಲಿನದು. ನನ್ನ ತವರು ಕಡಬ. ಅಲ್ಲಿಯ ಕೆರೆ ದೊಡ್ಡದು, ಅದರ ಏರಿಯೂ ಉದ್ದ. ಹಿಡಿದುಕೊಳ್ಳಲು ಯಾರೂ ಇಲ್ಲದವರು ಸೈಕಲ್ ಕಲಿಯಲು ಅಂಥ ಜಾಗ ಬೇರೆ ಇಲ್ಲ, ಏಕೆಂದರೆ ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರಿನಲ್ಲಿ ಜಾಲಿಮುಳ್ಳು. ಬೀಳಲು ಆಸೆಯೇ ಆಗುವುದಿಲ್ಲ. ಅಪ್ಪನ ಸೈಕಲ್ಲು ನನಗಿಂತ ಎತ್ತರ. ಬಾರಿನ ಕೆಳಗೆ ಒಂದು ಕಾಲು ತೂರಿಸಿ, ಲಂಗವನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಅರ್ಧ ಪೆಡಲು ತುಳಿಯುತ್ತಾ ಏರಿಯ ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತಿದ್ದೆ. ಆಮೇಲೆ ದೊಡ್ಡವಳಾದೆ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಅಪ್ಪ ಸೈಕಲ್ಲಿಗೆ ಬೀಗ ಹಾಕಲು ಶುರು ಮಾಡಿದರು, ಅಷ್ಟೇ. ಲಂಗ ಸಿಕ್ಕಿಸುವ ಕೈಗೆ ಮಾತ್ರ ಅಭ್ಯಾಸ ಉಳಿದುಹೋಗಿತ್ತಲ್ಲ, ಅದು ಅಡುಗೆಮನೆ ಕಡೆಗೆ ತಿರುಗಿತು.

ಈಗ ನಾನು ತುಮಕೂರಿನ ಸತ್ಯಮಂಗಲದ ಒಂದು ಸಣ್ಣ ರಬ್ಬರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ತಯಾರಾಗುವುದು ಕುಕ್ಕರ್ ಗ್ಯಾಸ್ಕೆಟ್ಟು. ಅಡುಗೆಮನೆಯಿಂದ ಹೊರಟು ಬಸ್ಸು ಹತ್ತಿ ಹೋದರೂ ಅಲ್ಲಿ ಎದುರಾಗುವುದು ಅದೇ ಅಡುಗೆಮನೆಯ ಒಂದು ತುಂಡು. ಹೋದ ವರ್ಷ ಪಕ್ಕದ ಮನೆಯ ಹುಡುಗಿ ಸ್ಕೂಟಿ ಕೊಂಡಳು, ಅವಳ ಸೈಕಲ್ಲು ನಮ್ಮ ಕಾಂಪೌಂಡಿಗೆ ಬಂತು. ಒಂದು ಭಾನುವಾರ ಬೆಳಿಗ್ಗೆ ಬೀದಿಯಲ್ಲಿ ಯಾರೂ ಇಲ್ಲದಾಗ ಹತ್ತಿ ನೋಡಿದೆ. ಏನೂ ಮರೆತಿರಲಿಲ್ಲ. ಪೂರ್ತಿ ಪೆಡಲು ತುಳಿಯಬಹುದು ಎನ್ನುವುದೊಂದೇ ಹೊಸ ಸಂಗತಿ.

ತುಮಕೂರಿನಲ್ಲಿ ಐವತ್ತು ದಾಟಿದವರು ಸೈಕಲ್ ತುಳಿದರೆ ಜನ ಕೇಳುವುದು ಒಂದೇ ಪ್ರಶ್ನೆ: "ಶುಗರ್ರಾ ಮೇಡಂ? ಎಷ್ಟಿದೆ?" ಇಲ್ಲ ಎಂದರೆ ಪಾಪ ಅನ್ನುವಂತೆ ನೋಡುತ್ತಾರೆ, ಹೇಳಿಕೊಳ್ಳಲಾರದಷ್ಟು ಜಾಸ್ತಿ ಇರಬೇಕು ಎಂದು. ಖುಷಿಗೆ ತುಳಿಯುತ್ತೇನೆ ಎಂದರಂತೂ ಯಾರೂ ನಂಬುವುದಿಲ್ಲ. ಕೊನೆಗೆ ನಮ್ಮ ಯಜಮಾನರೂ ಒಂದು ಸೈಕಲ್ ತಂದರು. ನಮ್ಮಿಬ್ಬರಿಗೂ ಶುಗರ್ರು ಎಂದು ಬೀದಿಯವರು ತೀರ್ಮಾನ ಮಾಡಿದರು. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು.

ಈ ದಸರೆಗೆ ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿತು. ಆಯುಧಪೂಜೆಯ ಚೆಂಡುಹೂವು ಇನ್ನೂ ಹ್ಯಾಂಡಲ್ಲಿನಲ್ಲೇ ಇತ್ತು. ಯಜಮಾನರು ಅಂದರು: "ಸೈಕಲ್‌ನಲ್ಲೇ ಎಲ್ಲಾದ್ರೂ ಹೋಗಿ ಬರೋಣ್ವಾ? ಒಳರಸ್ತೆ ಹಿಡಿದು, ನಿಧಾನಕ್ಕೆ. ರಾತ್ರಿ ಯಾವ್ದಾದ್ರೂ ಹಳ್ಳೀಲಿ ಉಳ್ಕೊಳ್ಳೋದು, ಬೆಳಿಗ್ಗೆ ಮತ್ತೆ ಹೊರಡೋದು. ಕುಣಿಗಲ್ ಮುಟ್ಟಿದ ಮೇಲೆ ಸೈಕಲ್ ಬಸ್ಸಿನ ಮೇಲೆ ಹಾಕ್ಕೊಂಡು ವಾಪಸ್ ಬಂದ್ರಾಯ್ತು."

"ಬರ್ತೀನಿ. ಆದ್ರೆ ಒಂದು ಕಂಡೀಷನ್ನು," ಎಂದೆ. "ಹೋಗಿ ಬರೋವರೆಗೂ ನಾನು ಯಾರ ಅಡುಗೆಮನೆಗೂ ಕಾಲಿಡಲ್ಲ. ಇಟ್ಟ ದಿನ ಪ್ರವಾಸ ಮುಗೀತು. ಅಲ್ಲಿಂದ್ಲೇ ಬಸ್ಸು."

ಅವರು ನಕ್ಕರು. ನಾನು ನಗಲಿಲ್ಲ. ಮದುವೆಯಾದಾಗಿನಿಂದ ನಾವು ಊರೂರು ಸುತ್ತಿದ್ದೇವೆ, ನಿಜ. ಆದರೆ ಸುತ್ತಿದ ಪ್ರತಿ ಊರಿನಲ್ಲೂ ಅವರು ಊರು ನೋಡಿದ್ದಾರೆ, ನಾನು ಕಾಯಿ ತುರಿದಿದ್ದೇನೆ. ಒಂದು ಸಲ, ಒಂದೇ ಒಂದು ಸಲ, ಹೋದ ಕಡೆ ಹೊರಗೆ ಕೂರಬೇಕು ಎಂದು ನನಗೆ ನಿಜವಾಗಿಯೂ ಆಸೆಯಾಗಿತ್ತು. ಇಷ್ಟು ವಯಸ್ಸಾದ ಮೇಲೆ ಇದೊಂದು ಆಸೆಯೇ ಎಂದು ನೀವು ಅಂದರೂ ಬೇಜಾರಿಲ್ಲ.

ಊಟದ ಮೇಜಿನ ಮೇಲೆ ಫೋನಿನ ಮ್ಯಾಪು ತೆರೆದು ಕೂತೆವು. ಮ್ಯಾಪು ಅವರ ಕೈಯಲ್ಲಿ, ನೆಂಟರು ನನ್ನ ತಲೆಯಲ್ಲಿ.

"ಮೊದಲನೇ ರಾತ್ರಿ ಗುಬ್ಬಿ."

"ನಮ್ಮ ದೊಡ್ಡಪ್ಪನ ಮಗ ಇದಾನೆ."

"ಹಾಗಾದ್ರೆ ಈ ಕಡೆಯಿಂದ, ಹೆಬ್ಬೂರು."

"ನಿಮ್ಮ ಸೋದರಮಾವನ ಮಗಳನ್ನ ಎಲ್ಲಿಗೆ ಕೊಟ್ಟಿರೋದು?"

"ಹೌದಲ್ವಾ. ಅಮೃತೂರು?"

"ಅದು ನಿಮ್ಮೂರೇ ಕಣ್ರೀ!"

ನಮ್ಮ ಕಡೆ ಒಂದು ಊರಿನಲ್ಲಿ ನೆಂಟರಿದ್ದೂ ಬೇರೆ ಕಡೆ ಉಳಿದರೆ ಆಗುವ ರಾದ್ಧಾಂತ ನಿಮಗೆ ಗೊತ್ತೇ ಇದೆ. ಒಂದು ಲೋಟ ನೀರನ್ನೂ ಕುಡಿಯದೆ ಹೋದರು ಎನ್ನುವ ಮಾತು ಮುಂದಿನ ಮದುವೆಯವರೆಗೂ ಬದುಕಿರುತ್ತದೆ, ಮದುವೆಯ ಊಟದ ಪಂಕ್ತಿಯಲ್ಲಿ ಎದುರಿಗೆ ಬಂದು ಕೂರುತ್ತದೆ. ಹಾಗಾಗಿ ನಮಗೆ ಬೇಕಾಗಿದ್ದು ನೋಡಲು ಚೆಂದದ ಊರಲ್ಲ, ನೆಂಟರಿಲ್ಲದ ಊರು. ಬೇರೆಯವರು ಪ್ರವಾಸಕ್ಕೆ ಹೊರಡುವಾಗ ಮ್ಯಾಪಿನಲ್ಲಿ ಜಾಗ ಹುಡುಕುತ್ತಾರೆ, ನಾವು ತೂತು ಹುಡುಕಿದೆವು. ಕೊನೆಗೆ ಗುಬ್ಬಿಯ ಆಚೆ ಒಂದು ಮಠದ ಕೊಠಡಿ ಗೊತ್ತಾಯಿತು. ಕಡಬದಿಂದ ಸಾಕಷ್ಟು ಮುಂದೆ ಒಬ್ಬರು ತೆಂಗಿನ ತೋಟದಲ್ಲಿ ರೂಮು ಕಟ್ಟಿ ಬಾಡಿಗೆಗೆ ಕೊಡುತ್ತಾರೆ ಎಂದು ತಿಳಿಯಿತು. ಅವರ ಹೆಸರು, ಊರು, ಹೆಂಡತಿಯ ತವರು ಎಲ್ಲ ವಿಚಾರಿಸಿ, ಯಾವ ದಿಕ್ಕಿನಿಂದಲೂ ನಮಗೆ ಏನೂ ಆಗಬೇಕಾಗಿಲ್ಲ ಎಂದು ಖಾತ್ರಿ ಮಾಡಿಕೊಂಡೆವು. ಹೆಣ್ಣು ಕೊಡುವಾಗ ಕೂಡ ನಮ್ಮವರು ಇಷ್ಟು ವಿಚಾರಿಸುವುದಿಲ್ಲ.

ಕುಣಿಗಲ್ಲಿನಲ್ಲಿ ನಾದಿನಿಯ ಮನೆ ಕಡೆ ಸುಳಿಯದೆ ನೇರವಾಗಿ ಬಸ್ ಸ್ಟ್ಯಾಂಡಿಗೇ ಹೋಗುವುದು ಎಂದಾಯಿತು. ಉಳಿದದ್ದು ಕಡಬ. ಅಲ್ಲಿ ನಮ್ಮಣ್ಣನ ಮನೆ. "ಕಡಬ ಬಿಟ್ಟು ಸುತ್ತಾಕ್ಕೊಂಡು ಹೋಗೋಣ," ಎಂದರು ಯಜಮಾನರು. ನಾನು ಒಪ್ಪಲಿಲ್ಲ. ಆ ಏರಿಯ ಮೇಲೆ ಒಂದು ಸಲ ಪೂರ್ತಿ ಪೆಡಲು ತುಳಿಯದಿದ್ದರೆ ಈ ಸೈಕಲ್ಲು ಯಾವ ಸುಖಕ್ಕೆ? ಕೊನೆಗೆ ಉಪಾಯವಾಯಿತು. ಅಣ್ಣ ಕೊಬ್ಬರಿ ಮಾರ್ಕೆಟ್ಟಿಗೆಂದು ತಿಪಟೂರಿಗೆ ಹೋಗುವ ದಿನ, ಊರು ಊಟ ಮುಗಿಸಿ ಮಲಗಿರುವ ಮಧ್ಯಾಹ್ನದ ಹೊತ್ತಿನಲ್ಲಿ, ತಲೆಗೆ ಹೆಲ್ಮೆಟ್ಟು, ಮುಖಕ್ಕೆ ಕರ್ಚೀಫು, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಏರಿ ದಾಟಿಬಿಡುವುದು. ತವರಿಗೆ ಕಳ್ಳರ ಹಾಗೆ ಹೋಗುವ ಯೋಜನೆಯನ್ನು ನಾನು ಅಷ್ಟು ಸಂತೋಷದಿಂದ ಮಾಡಿದೆ.

ಮೊದಲ ದಿನ ಸುಖವಾಗಿ ಕಳೆಯಿತು. ರಾಗಿ ಹೊಲಗಳ ಸಾಲಿನಲ್ಲಿ ಹುಚ್ಚೆಳ್ಳು ಹಳದಿಯಾಗಿ ಹೂ ಬಿಟ್ಟಿತ್ತು. ಗುಬ್ಬಿ ಪೇಟೆಯನ್ನು ಮಾತ್ರ ಹಿಂದಿನ ಬೀದಿಯಲ್ಲಿ, ದೊಡ್ಡಪ್ಪನ ಮಗನ ಅಂಗಡಿ ತಪ್ಪಿಸಿ, ಉಸಿರು ಹಿಡಿದು ದಾಟಿದೆವು. ಸಂಜೆ ಮಠದಲ್ಲಿ ಕೈಕಾಲು ತೊಳೆದು ದಾಸೋಹದ ಪಡಸಾಲೆಯಲ್ಲಿ ಕೂತಿದ್ದಾಗ, ಅಲ್ಲಿಯ ಒಬ್ಬ ಅಜ್ಜಿ ಬಂದು ನನ್ನ ಮಡಿಲಿಗೆ ಒಂದು ಹೊರೆ ಕರಿಬೇವು ಹಾಕಿ, "ಸುಮ್ಕೆ ಕೂತಿದೀಯಲ್ಲವ್ವ, ವಸಿ ಬಿಡಿಸ್ಕೊಡು" ಎಂದರು. ನಾನು ಬಿಡಿಸಿಕೊಟ್ಟೆ. ಯಜಮಾನರು ಹುಬ್ಬು ಹಾರಿಸಿದರು. "ಇದು ಪಡಸಾಲೆ. ಅಡುಗೆಮನೆ ಆ ಕಡೆ," ಎಂದೆ. ಸ್ವಲ್ಪ ಹೊತ್ತು ವಾದ ನಡೆದು ತೀರ್ಪು ನನ್ನ ಪರವಾಗಿ ಆಯಿತು.

ಮರುದಿನ ಮಧ್ಯಾಹ್ನ ಕಡಬದ ಏರಿ. ಕೆರೆ ತುಂಬಿತ್ತು. ಅಂದುಕೊಂಡ ಹಾಗೇ ಒಂದು ನರಪಿಳ್ಳೆಯೂ ಇರಲಿಲ್ಲ. ಏರಿ ಹತ್ತುವ ಮೊದಲು ಇಳಿದು, ಮುಖಕ್ಕೆ ಕರ್ಚೀಫು ಕಟ್ಟಿ, ವೇಲನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ ಹತ್ತಿದೆ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ನೀರಿನ ಮೇಲಿನ ಗಾಳಿ ಕಿವಿಯಲ್ಲಿ ತುಂಬಿತು. ಬೆಲ್ಲು ಬೇರೆ ಹೊಡೆದೆ, ಯಾರೂ ಅಡ್ಡ ಇಲ್ಲದಿದ್ದರೂ.

ಏರಿಯ ಮಧ್ಯದಲ್ಲಿ, ಹೊಲದ ಕಡೆಯಿಂದ ಒಂದು ಹೆಂಗಸು ಹತ್ತಿ ಬಂತು. ಮಡಿಲ ತುಂಬ ಬೆರಕೆ ಸೊಪ್ಪು. ನಾನು ತಲೆ ತಗ್ಗಿಸಿ ಮುಂದೆ ಹೋದೆ.

"ಏನೇ ಗಿರಿಜಾ?"

ಬ್ರೇಕು ತಾನಾಗಿ ಬಿತ್ತು. ರತ್ನತ್ತಿಗೆ, ನಮ್ಮಣ್ಣನ ಹೆಂಡತಿ.

ಕರ್ಚೀಫು ಬಿಚ್ಚುತ್ತಾ, "ಹೆಂಗೆ ಗೊತ್ತಾಯ್ತು ಅತ್ತಿಗೆ?" ಎಂದು ಕೇಳಿದೆ. ಅಂಥ ಹೊತ್ತಿನಲ್ಲೂ ನನಗೆ ಅದೇ ಮುಖ್ಯವಾಗಿತ್ತು.

"ಮಖ ಮುಚ್ಕಂಡ್ರೆ ಗೊತ್ತಾಗಕಿಲ್ವಾ? ಹಂಗೆ ವೇಲು ಸಿಕ್ಕಿಸ್ಕಳೋಳು ಈ ಸೀಮೇಲಿ ಇನ್ಯಾರವ್ಳೆ?" ಎಂದು ನಕ್ಕರು. ನಗು ಅರ್ಧಕ್ಕೆ ನಿಂತಿತು. ಅವರ ಕಣ್ಣು ಹೆಲ್ಮೆಟ್ಟು, ಕನ್ನಡಕ, ಹಿಂದೆ ಅದೇ ವೇಷದಲ್ಲಿ ನಿಂತ ನಮ್ಮ ಯಜಮಾನರು, ಕ್ಯಾರಿಯರಿನ ಮೇಲೆ ಕಟ್ಟಿದ ಬ್ಯಾಗು ಎಲ್ಲವನ್ನೂ ನೋಡಿತು. "ಮನೆ ಆ ಕಡೆಗಲ್ವಾ? ನೀವು ಈ ಕಡೆ ಹೊಂಟಿದೀರಲ್ಲ?"

ಯಜಮಾನರು ಕೆರೆಯ ನೀರಿನ ಮಟ್ಟವನ್ನು ಪರೀಕ್ಷೆ ಮಾಡತೊಡಗಿದರು.

"ಊರಿಗ್ ಬಂದು ಮನೆಗ್ ಬರ್ದೆ ಹೋಯ್ತಿದ್ದಾ ಗಿರಿಜಾ? ಅದೂ ಮಖ ಮುಚ್ಕಂಡು? ನಾನೇನ್ ಕಮ್ಮಿ ಮಾಡಿದ್ದೆ ನಿಂಗೆ?"

ಅತ್ತಿಗೆ ಕೂಗಾಡಿದ್ದರೆ ಸಲೀಸಾಗಿರುತ್ತಿತ್ತು. ಮೆಲ್ಲಗೆ ಕೇಳಿದರು. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ನಿಮ್ಮ ಮನೆಗೆ ಬಂದರೆ ಅಡುಗೆಮನೆಗೆ ಬರಬೇಕಾಗುತ್ತದೆ, ಈ ಸಲ ಯಾರ ಅಡುಗೆಮನೆಗೂ ಹೋಗಬಾರದು ಅಂತ ಹೊರಟಿದ್ದೇನೆ, ಅಷ್ಟೇ ಅತ್ತಿಗೆ, ನಿಮ್ಮ ಮೇಲೆ ಬೇಜಾರಿಲ್ಲ ಎಂದೆ. ಹೇಳುವಾಗಲೇ ಅದು ಎಷ್ಟು ಪೆದ್ದು ಪೆದ್ದಾಗಿ ಕೇಳಿಸುತ್ತಿದೆ ಎಂದು ನನಗೇ ಗೊತ್ತಾಗುತ್ತಿತ್ತು.

ಅತ್ತಿಗೆ ಸ್ವಲ್ಪ ಹೊತ್ತು ಮಡಿಲಿನ ಸೊಪ್ಪನ್ನು ಸರಿ ಮಾಡಿದರು.

"ನೀನ್ ಬತ್ತೀಯ ಅಂದ್ರೆ ನಂಗೆ ಎಷ್ಟು ಖುಸಿ ಆಯ್ತಿತ್ತು ಗೊತ್ತೇನೇ? ಒಳಗೆ ನಂಗೆ ಮಾತಾಡಕ್ಕೆ ಒಬ್ರು ಸಿಕ್ತಾರಲ್ಲ ಅಂತ. ಅವ್ರೆಲ್ಲ ಈಚೆ ಕೂತಿರ್ತಾರೆ. ನಾನು ಮಾತಾಡದು ಗ್ವಾಡೆ ತಾವೇಯ."

ನಾನು ಇದನ್ನು ಯಾವತ್ತೂ ಯೋಚಿಸಿರಲಿಲ್ಲ. ಆ ಅಡುಗೆಮನೆಯಲ್ಲಿ ನನ್ನ ರಜೆ ಹಾಳಾಗುತ್ತಿದ್ದಾಗ ಅತ್ತಿಗೆಗೆ ಹಬ್ಬವಾಗುತ್ತಿತ್ತು. ನನ್ನ ಕಂಡೀಷನ್ನು ಮುರಿಯಲು ಅಲ್ಲೇ ಏರಿಯ ಮೇಲೆ ಮನಸ್ಸು ಮಾಡಿದೆ. "ನಡೀರಿ ಅತ್ತಿಗೆ, ಮನೆಗೇ ಹೋಗೋಣ. ಒಳಕ್ಕೇ ಬರ್ತೀನಿ," ಎಂದೆ. ಮನಸ್ಸಿನಲ್ಲಿ ಬಸ್ಸಿನ ಟೈಮು ಕೂಡ ನೆನೆಸಿಕೊಂಡೆ.

"ಬ್ಯಾಡ ಬುಡು," ಎಂದರು ಅತ್ತಿಗೆ. ನಿಜವಾಗಿಯೂ ಸಿಟ್ಟು ಬಂತು ಎಂದುಕೊಂಡೆ. ಆದರೆ ಅವರು ಸೈಕಲ್ಲಿನ ಕ್ಯಾರಿಯರನ್ನು ಕೈಯಲ್ಲಿ ಒತ್ತಿ ನೋಡುತ್ತಿದ್ದರು. "ನೀನ್ ಒಳಕ್ ಬರ್ಬ್ಯಾಡ. ನಾನೇ ಈಚೆ ಬತ್ತೀನಿ. ಇದು ನನ್ನ ತಡೀತದಾ?"

ಬ್ಯಾಗು ಯಜಮಾನರ ಸೈಕಲ್ಲಿಗೆ ಹೋಯಿತು. ಅತ್ತಿಗೆ ಸೊಪ್ಪಿನ ಸಮೇತ ನನ್ನ ಹಿಂದೆ ಕೂತರು. ಪೂರ್ತಿ ಪೆಡಲು ತುಳಿಯುವುದು ಎಂದರೆ ಏನೆಂದು ಆಗ ತಿಳಿಯಿತು. ಒಂದು ಕಡೆ ನೀರು, ಒಂದು ಕಡೆ ಜಾಲಿಮುಳ್ಳು, ಹಿಂದೆ ಅತ್ತಿಗೆ, "ಅಯ್ಯಯ್ಯೋ ಗಿರಿಜಾ, ಕೆರೆ ಕಡೀಕ್ ಹೋಯ್ತಾ ಇದೀಯ ಕಣೇ" ಎಂದು ಕೂಗುತ್ತಾ, ಕೂಗಿದ್ದಕ್ಕಿಂತ ಜಾಸ್ತಿ ನಗುತ್ತಾ. ಮನೆ ಹತ್ತಿರ ಬಂದಾಗ, "ಇನ್ನೊಂದ್ ಕಿತ ಆ ತುದಿಗಂಟ ಹೋಗ್ಬರನಾ?" ಎಂದರು. ಹೋಗಿ ಬಂದೆವು.

ಹಾಗೆ ಹೋಗಿ ಬರುವುದರಲ್ಲೇ ಸಂಜೆಯಾಗಿತ್ತು. ಜಗಲಿಯ ಮೇಲೆ ಅತ್ತಿಗೆ ಮೊದಲು ಕೂತರು, ಆಮೇಲೆ ನಾನು. ಇಬ್ಬರಿಗೂ ಕಾಲು ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ. ಸೊಪ್ಪು ಮಡಿಲಿನಲ್ಲೇ ಇತ್ತು. ಯಜಮಾನರು ಅದನ್ನು ನೋಡಿದರು, ನಮ್ಮಿಬ್ಬರನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು. "ಕೊಡಿ ಅಕ್ಕ. ನಾನು ಮಾಡ್ತೀನಿ." ಮನೆಯಲ್ಲಿ ಅವರು ಟೀ ಮಾಡುತ್ತಾರೆ, ಕಷ್ಟಕಾಲದಲ್ಲಿ ಉಪ್ಪಿಟ್ಟು. ಮುದ್ದೆ ತಿರುವಿದ್ದನ್ನು ನಾನು ಕಂಡಿರಲಿಲ್ಲ. ಅವರು ತೋಟದ ರೂಮಿನವರಿಗೆ ಫೋನು ಮಾಡಿ ನಾಳೆ ಬರುತ್ತೇವೆ ಎಂದು ಹೇಳಿ, ಪ್ಯಾಂಟು ಮಡಚಿ, ಕೆರೆಗೆ ಇಳಿಯುವವರ ಹಾಗೆ ಒಳಗೆ ಹೋದರು.

ಮೊದಲು ಬೇಳೆ ಯಾವ ಡಬ್ಬಿ ಎಂದು ಕೂಗಿದರು. ಆಮೇಲೆ ಉಪ್ಪು. ಅಷ್ಟರಲ್ಲಿ ಕುಕ್ಕರು ಬುಸುಗುಟ್ಟತೊಡಗಿತು. ಅದು ವಿಷಲ್ಲಿನ ಸದ್ದಲ್ಲ, ಪಕ್ಕದಿಂದ ಆವಿ ಸೋರುವ ಸದ್ದು. ಗ್ಯಾಸ್ಕೆಟ್ಟು ಸಡಿಲ! ನೀವು ನಂಬಿ, ಬಿಡಿ, ಲೋಕದಲ್ಲಿ ಯಾವ ಸದ್ದಿಗೆ ಸುಮ್ಮನಿದ್ದರೂ ಆ ಸದ್ದಿಗೆ ನಾನು ಸುಮ್ಮನಿರಲಾರೆ, ಅದು ನನ್ನ ಸಂಬಳದ ಸದ್ದು. ಕೈ ತಾನಾಗಿ ಸೊಂಟಕ್ಕೆ ಹೋಯಿತು. ಎದ್ದೆ ಎನ್ನುವಷ್ಟರಲ್ಲಿ ವೇಲು ಜಗ್ಗಿತು. ಅದರ ತುದಿಯ ಮೇಲೆ ಅತ್ತಿಗೆ ಕಾಲಿಟ್ಟಿದ್ದರು. ಈಳಿಗೆಮಣೆ ತಳ್ಳುತ್ತಿದ್ದ ಅದೇ ಕಾಲು.

"ಕೂತ್ಕ," ಎಂದರು.

"ಆಫ್ ಮಾಡಿ, ಆವಿ ಇಳೀಲಿ! ಆಮೇಲೆ ಗ್ಯಾಸ್ಕೆಟ್ ತಣ್ಣೀರಲ್ಲಿ ಅದ್ದಿ ಹಾಕ್ರೀ!" ಎಂದು ಕೂತಲ್ಲಿಂದಲೇ ಕೂಗಿದೆ. ಬುಸುಗುಟ್ಟುವುದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಸರಿಯಾದ ವಿಷಲ್ಲು ಬಂತು. ಅತ್ತಿಗೆ ಕಾಲು ತೆಗೆದರು.

ಕಾಲು ಸರಿದಾಗ ಕಲ್ಲಿನ ಮೇಲೆ ಗೀರಿದ ಮನೆಗಳು ಕಂಡವು. ಚೌಕಾಬಾರ. ಅಪ್ಪನ ಮೊಳೆ ಕದ್ದು ನಾನೇ ಗೀರಿದ್ದು, ಸೈಕಲ್ಲಿಗೆ ಬೀಗ ಬೀಳುವ ಮೊದಲು. ನೆನಪಿನಿಂದಲೇ ಹೋಗಿತ್ತು. ಅತ್ತಿಗೆ ಬಗ್ಗಿ ಬೆರಳಾಡಿಸಿದರು. "ಮದ್ವೆ ಆಗ್ ಬಂದಾಗ್ಲಿಂದ ಇದ್ನ ಗುಡಿಸ್ತಾ ಇದೀನಿ. ಏನೋ ಕಲ್ಲು ಬಿರುಕ್ ಬಿಟ್ಟದೆ ಅನ್ಕಂಡಿದ್ದೆ ಕಣೇ."

ಕವಡೆ ಇರಲಿಲ್ಲ. ಹುಣಸೆಬೀಜವನ್ನು ಒಂದು ಕಡೆ ಉಜ್ಜಿ ಬೆಳ್ಳಗೆ ಮಾಡಿಕೊಂಡರೂ ಆಗುತ್ತದೆ, ಆದರೆ ಬೀಜ ಒಳಗೆ. ಅತ್ತಿಗೆ ಕೂಗಿದರು. ಯಜಮಾನರು ಬೆವರು ಸುರಿಸುತ್ತಾ ಒಂದು ಹಿಡಿ ಬೀಜ ತಂದು, "ಇದನ್ನ ಸಾರಿಗೆ ಯಾವಾಗ ಹಾಕ್ಬೇಕು?" ಎಂದರು.

"ಸಾರಿಗಲ್ಲ ಅಣ್ಣ, ನಮಗೆ," ಎಂದರು ಅತ್ತಿಗೆ.

ತಿಪಟೂರಿನಿಂದ ನಮ್ಮಣ್ಣ ಬಂದಾಗ ನಾವು ಆಟದ ಮಧ್ಯದಲ್ಲಿದ್ದೆವು. ಅವನು ಕೂರುವ ಜಾಗದಲ್ಲಿ ಅವನ ಹೆಂಡತಿ ಕೂತು ಬೀಜ ಕುಲುಕುತ್ತಿದ್ದಳು. ಒಳಗೆ ನೋಡಿದರೆ ಭಾವ ಮುದ್ದೆಕೋಲು ಹಿಡಿದು ಒಲೆಯ ಮುಂದೆ ಹೋರಾಡುತ್ತಿದ್ದರು. ಅವನು ಹೊರಗೆ ಕೂರಲಾರದೆ, ಒಳಗೆ ಹೋಗಲಾರದೆ ಹೊಸಿಲಿನಲ್ಲಿ ಸ್ವಲ್ಪ ಹೊತ್ತು ನಿಂತ. "ಇದೇನ್ ಭಾವ ಇದು!" ಎಂದ.

"ಬಾರಪ್ಪ, ಪಾತ್ರೆ ಹಿಡ್ಕೋ, ತಿರುಗ್ತಾ ಇದೆ," ಎಂದು ಒಳಗಿನಿಂದ ಕೇಳಿಸಿತು. ಅಣ್ಣ ಷರ್ಟಿನ ತೋಳು ಮಡಚುತ್ತಾ ಒಳಗೆ ಹೋದ.

ಊಟಕ್ಕೆ ಕರೆದಾಗ ಅತ್ತಿಗೆಯ ಒಂದು ಕಾಯಿ ಹಣ್ಣಾಗುವುದು ಬಾಕಿ ಇತ್ತು, ಆದ್ದರಿಂದ ಗಂಡಸರು ಕಾದರು. ಆಮೇಲೆ ತಟ್ಟೆಗಳನ್ನು ಜಗಲಿಗೇ ತಂದರು. ಮುದ್ದೆಯಲ್ಲಿ ಗಂಟುಗಳಿದ್ದವು. ಅತ್ತಿಗೆ ಮುರಿದ ಮೊದಲ ತುತ್ತಿನಲ್ಲೇ ಒಂದು ಹಸಿ ಹಿಟ್ಟಿನ ಗಂಟು ಇಣುಕಿತು. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. "ಚೆನ್ನಾಗೈತೆ ಅಣ್ಣ," ಎಂದು ಸೊಪ್ಪಿನ ಸಾರಿನಲ್ಲಿ ಅದ್ದಿ ಗಂಟಿನ ಸಮೇತ ನುಂಗಿದರು. ನಾನೂ ನುಂಗಿದೆ.

ಮರುದಿನ ಬೆಳಿಗ್ಗೆ ಮುಂದಕ್ಕೆ ಹೊರಟೆವು. ಕಡಬದಿಂದಲೇ ಬಸ್ಸು ಹತ್ತಬೇಕಾಗಿ ಬರಲಿಲ್ಲ, ಕುಣಿಗಲ್ಲಿನವರೆಗೂ ನನ್ನ ಕಂಡೀಷನ್ನು ಮುಕ್ಕಾಗದೆ ಉಳಿಯಿತು.

ನೆಂಟರ ಮನೆಗಳ ಜಗಲಿಯ ವಿಷಯ ಈಗಲೂ ನನಗೆ ಅಷ್ಟಾಗಿ ಗೊತ್ತಿಲ್ಲ. ಆದರೆ ನಮ್ಮ ತವರಿನ ಜಗಲಿಯದು ಕೇಳಿ, ಹೇಳುತ್ತೇನೆ. ಕಪ್ಪು ಕಲ್ಲು ಹಾಸಿದೆ. ಕಂಬದ ಪಕ್ಕದ ಕಲ್ಲಿನಲ್ಲಿ ಸೊಟ್ಟಗೆ ಗೀರಿದ ಚೌಕಾಬಾರದ ಮನೆಗಳಿವೆ. ಸಂಜೆ ಹೊತ್ತು ಗಾಳಿ ಕೆರೆಯ ಕಡೆಯಿಂದ ಬರುತ್ತದೆ. ಇಬ್ಬರು ಹೆಂಗಸರು ಕಾಲು ಚಾಚಿಕೊಂಡು ಕೂರಲು ಬೇಕಾದಷ್ಟು ಜಾಗವಿದೆ.